ಷೆರ್ಲಾಕ್ ಹೋಮ್ಸನ ಮಿತ್ರಧರ್ಮ

ಷೆರ್ಲಾಕ್ ಹೋಮ್ಸನ ಬುದ್ಧಿಯನ್ನು ಕೊಂಡಾಡುವವರು ಆತನ ಸ್ನೇಹವನ್ನೂ ಜೊತೆಗೇ ಕೊಂಡಾಡುವುದು ವಾಡಿಕೆಯಾಗಿದೆ. ಬುದ್ಧಿಯ ವಿಷಯದಲ್ಲಿ ನಮ್ಮ ತಕರಾರಿಲ್ಲ. ಆದರೆ ತನ್ನನ್ನು ನಂಬಿದ ಡಾಕ್ಟರ್ ವಾಟ್ಸನ್ನನನ್ನು ಆತನು ನಡೆಸಿಕೊಂಡ ರೀತಿಗೆ ಸ್ನೇಹವೆಂದು ಹೆಸರಿಟ್ಟರೆ ಆ ಶಬ್ದಕ್ಕೆ ಅರ್ಥವೇ ಉಳಿಯಲಾರದು.

ಕಾನನ್ ಡಾಯ್ಲನು 1913ರಲ್ಲಿ ಪ್ರಕಟಿಸಿದ, ಸಾಯುತ್ತಿರುವ ಪತ್ತೇದಾರನ ಕಥೆಯನ್ನು ವಾಚಕರು ನೆನಪಿಗೆ ತಂದುಕೊಳ್ಳಲಿ. ಹೋಮ್ಸನು ಮರಣಶಯ್ಯೆಯಲ್ಲಿರುವನೆಂದು ಮನೆಯೊಡತಿಯು ಬಂದು ಹೇಳಿದೊಡನೆ ವಾಟ್ಸನ್ನನು ಧಾವಿಸುತ್ತಾನೆ. ಹತ್ತಿರ ಬರಕೂಡದೆಂದು ರೋಗಿಯ ಅಪ್ಪಣೆ. ವೈದ್ಯನಾದವನು ಪರೀಕ್ಷಿಸಲೆಳಸಿದರೆ, ನಿನ್ನ ಅನುಭವವು ಅಲ್ಪ, ನಿನ್ನ ಯೋಗ್ಯತೆಯು ಸಾಧಾರಣ, ಎಂಬ ತಿರಸ್ಕಾರ. ಬೇರೆ ವೈದ್ಯರನ್ನು ಕರೆತರಲು ಹೊರಟರೆ ಹಾಸಿಗೆಯಿಂದ ಹಾರಿ ಬಂದು ಬಾಗಿಲಿಗೆ ಬೀಗ. ಮಿತ್ರನು ಕಣ್ಣೆದುರಿಗೇ ಸಾಯುತ್ತಿರುವನೆಂದು ನಂಬಿ, ಅವಮಾನವನ್ನು ನುಂಗಿಕೊಂಡು, ನಾಲ್ಕು ಗಂಟೆಯಿಂದ ಆರರವರೆಗೆ ಆ ಬಡಪಾಯಿಯು ಅಲ್ಲಿಯೇ ಕಾದಿರುತ್ತಾನೆ. ಕಡೆಗೆ ತಿಳಿದುಬರುವುದೇನು? ಮೂರು ದಿನದ ಉಪವಾಸ, ಹಣೆಗೆ ವ್ಯಾಸಲೀನು, ಕಣ್ಣಿಗೆ ಬೆಲಡೋನಾ, ಕೆನ್ನೆಗೆ ಬಣ್ಣ, ತುಟಿಗೆ ಜೇನುಮೇಣ! ಕಲ್ವರ್ಟನ್ ಸ್ಮಿತ್ ಎಂಬ ಕೊಲೆಗಾರನ ಬಾಯಿಂದ ತಪ್ಪೊಪ್ಪಿಗೆಯನ್ನು ಹೊರಡಿಸುವುದಕ್ಕೆ ಇಷ್ಟೆಲ್ಲ.

ಇದನ್ನು ನಿಷ್ಠೆಯ ಪರೀಕ್ಷೆಯೆಂದು ಕಥೆಯಲ್ಲಿ ಕರೆದಿಲ್ಲ. ಕರೆಯದಿದ್ದರೇನು? ನಿಂದಿಸಿದರೂ ಬಿಟ್ಟುಹೋಗನು, ಕಾರಣವನ್ನು ಮುಚ್ಚಿಟ್ಟರೂ ಹೇಳಿದಲ್ಲಿಗೆ ಹೋಗುವನು, ಎಂಬ ಭರವಸೆಯ ಮೇಲೆಯೇ ಇಡೀ ತಂತ್ರವು ನಿಂತಿದೆ. ಪರೀಕ್ಷೆಯ ನೋವೆಲ್ಲವನ್ನೂ ವಾಟ್ಸನ್ನನು ಅನುಭವಿಸುತ್ತಾನೆ. ತಾನು ಪರೀಕ್ಷೆಗೆ ಕುಳಿತಿರುವೆನೆಂಬುದು ಮಾತ್ರ ಅವನಿಗೆ ತಿಳಿಯದು.

ಹೋಮ್ಸನ ಪಕ್ಷದವರ ಸಮಾಧಾನವೊಂದುಂಟು, ಅದು ಹೋಮ್ಸನದೇ ಸಮಾಧಾನ: ವಾಟ್ಸನ್ನನಿಗೆ ನಟನೆ ಬಾರದು, ಗುಟ್ಟನ್ನು ತಿಳಿದಿದ್ದರೆ ಅವನ ಮುಖವೇ ಅದನ್ನು ಹೊರಗೆಡಹುತ್ತಿತ್ತು, ಎಂದು. ಇದರಲ್ಲಿ ಸ್ವಲ್ಪ ಹುರುಳಿದೆಯೆಂದು ಒಪ್ಪೋಣ. ಆದರೆ 1891ರಲ್ಲಿ ಬಂದ ಬೊಹೀಮಿಯಾದ ಅರಸನ ಕಥೆಯಲ್ಲಿ ನಡೆದುದೇನು? ಕಾನೂನನ್ನು ಮುರಿಯಬೇಕಾದೀತು, ಸೆರೆಯಾಗಲೂಬಹುದು, ಒಪ್ಪಿಗೆಯೇ ಎಂದು ಹೋಮ್ಸನು ಮುಚ್ಚುಮರೆಯಿಲ್ಲದೆ ಕೇಳಿದನು. ವಾಟ್ಸನ್ನನು ಒಪ್ಪಿ, ಹೇಳಿದ ಹೊತ್ತಿಗೆ ಸರಿಯಾಗಿ ಹೊಗೆಬಾಣವನ್ನು ಕಿಟಕಿಯೊಳಕ್ಕೆ ಎಸೆದು, ಬೆಂಕಿ ಬೆಂಕಿಯೆಂದು ಕೂಗಿದನು. ಸಣ್ಣ ಕಥೆಗಳ ಮೊದಲನೆಯದರಲ್ಲಿಯೇ ಸಾಬೀತಾದ ನಿಷ್ಠೆಯನ್ನು ಮುಂದೆ ಇಪ್ಪತ್ತು ವರ್ಷಗಳ ಕಥೆಗಳಲ್ಲಿ ಮತ್ತೆ ಮತ್ತೆ ಒರೆಗೆ ಹಚ್ಚುವ ಅಗತ್ಯವೇನಿತ್ತು?

ರೈಕನ್‌ಬಾಕ್ ಜಲಪಾತದ ಪ್ರಕರಣಕ್ಕಂತೂ ಈ ಸಮಾಧಾನವೂ ಸಲ್ಲದು. ಹೋಮ್ಸನು ಪ್ರಪಾತಕ್ಕೆ ಬಿದ್ದು ಸತ್ತನೆಂದು ವಾಟ್ಸನ್ನನು ಅಲ್ಲಿ ಕೂಗಿ ಹುಡುಕುತ್ತಿರುವಾಗ, ಹೋಮ್ಸನು ಮೇಲಿನ ಬಂಡೆಯಲ್ಲಿ ಮಲಗಿ ನೋಡುತ್ತಿದ್ದನಂತೆ! 1903ರ ಕಥೆಯಲ್ಲಿ ಆತನೇ ಇದನ್ನು ಹೇಳುತ್ತಾನೆ. ಆ ಹುಡುಕಾಟದ ಕೌಶಲವು ಸಾಲದಾಗಿತ್ತೆಂದು ಅಣಕವನ್ನೂ ಸೇರಿಸುತ್ತಾನೆ. ಅಣ್ಣನಾದ ಮೈಕ್ರಾಫ್ಟನಿಗೆ ನಿಜವು ತಿಳಿದಿತ್ತು, ಏಕೆಂದರೆ ಹಣ ಬೇಕಾಗಿತ್ತು. ಮಿತ್ರನಿಗೆ ಮೂರು ವರ್ಷಗಳ ಶೋಕ. ಮುದುಕನಾದ ಪುಸ್ತಕ ವ್ಯಾಪಾರಿಯ ವೇಷವನ್ನು ಕಳಚಿ ಎದುರಿಗೆ ನಿಂತಾಗ ವಾಟ್ಸನ್ನನು ಮೂರ್ಛೆಹೋದುದರಲ್ಲಿ ಆಶ್ಚರ್ಯವಿಲ್ಲ.

ಕಾರ್ಯಸಾಧನೆಗೆ ಕಪಟವು ಬೇಕೆನ್ನುವವರಿಗೆ ಚಾಣಕ್ಯನಿಗಿಂತ ದೊಡ್ಡ ಪ್ರಮಾಣವಿಲ್ಲ. ಆತನನ್ನೇ ಕೇಳೋಣ. ಮುದ್ರಾರಾಕ್ಷಸದಲ್ಲಿ ಚಂದ್ರಗುಪ್ತನೊಡನೆ ಆಡಿದ ಜಗಳವು ಕೃತಕವಾದುದು. ಆದರೆ ಅದು ಕೃತಕವೆಂದು ಚಂದ್ರಗುಪ್ತನಿಗೆ ಮೊದಲೇ ಗೊತ್ತು. ಮೋಸವು ಶತ್ರುಪಕ್ಷಕ್ಕೆ, ಶಿಷ್ಯನಿಗಲ್ಲ. ಇನ್ನು ಮೈಸೂರಿನ ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚುಮಾಡಿಸಿದ ಅರ್ಥಶಾಸ್ತ್ರದಲ್ಲಿ ಅಮಾತ್ಯರ ಶುದ್ಧಿಯನ್ನು ಗುಟ್ಟಾಗಿ ಅರಿಯಲು ಧರ್ಮ, ಅರ್ಥ, ಕಾಮ, ಭಯಗಳೆಂಬ ನಾಲ್ಕು ಉಪಧೆಗಳನ್ನು ವಿಧಿಸಿದೆ. ಅಧಿಕಾರವನ್ನು ಕೊಡುವ ಮೊದಲು ಮಾಡುವ ಪರೀಕ್ಷೆಯದು. ಅಲ್ಲಿಯೂ ಕೌಟಿಲ್ಯನು, ದೋಷವಿಲ್ಲದವನನ್ನು ಪರೀಕ್ಷೆಯ ನೆಪದಿಂದ ಕೆಡಿಸುವುದು ನೀರಿಗೆ ವಿಷ ಬೆರೆಸಿದಂತೆ, ಕೆಟ್ಟ ಮನಸ್ಸಿಗೆ ಆಮೇಲೆ ಔಷಧವು ದೊರೆಯದಿರಬಹುದು, ಎಂದು ಎಚ್ಚರಿಸಿದ್ದಾನೆ. ಕುಟಿಲನೆಂದು ಲೋಕವೆಲ್ಲ ದೂರುವ ಬ್ರಾಹ್ಮಣನಿಗಿದ್ದ ಈ ಅಳುಕು ಬೇಕರ್ ಬೀದಿಯ ಮಹಾಶಯನಿಗೆ ಇರಲಿಲ್ಲ.

ಹಾಗಾದರೆ ಓದುವವರಿಗೆ ಕೋಪವೇಕೆ ಬರುವುದಿಲ್ಲ? ಕಥೆಯನ್ನು ಹೇಳುವವನು ವಾಟ್ಸನ್ನನು. ಆತನು ಕ್ಷಮಿಸಿದನಲ್ಲ, ಇನ್ನು ನಮ್ಮದೇನು, ಎಂದು ಪುಟವನ್ನು ತಿರುವಿಹಾಕುತ್ತೇವೆ. ಇದೇ ಡಾಯ್ಲನ ಜಾಣತನ. ಬಾಸ್ಕರ್‌ವಿಲ್ ಬೇಟೆನಾಯಿಯ ಕಾದಂಬರಿಯಲ್ಲಿ, ಲಂಡನ್ನಿನಲ್ಲಿರುವೆನೆಂದು ಹೇಳಿದ ಹೋಮ್ಸನು ಬಯಲಿನ ಕಲ್ಲುಗುಡಿಸಲಿನಲ್ಲಿ ಅಡಗಿದ್ದುದು ಬಯಲಾದಾಗ, ನನ್ನನ್ನು ಬಳಸಿಕೊಳ್ಳುವೆ, ನಂಬಲಾರೆ, ಎಂದು ವಾಟ್ಸನ್ನನು ಒಮ್ಮೆ ಬಾಯಿಬಿಟ್ಟು ನೊಂದುಕೊಂಡನು. ನಾಲ್ಕು ಹೊಗಳಿಕೆಯ ಮಾತಿಗೆ ಆ ನೋವೂ ಅಡಗಿತು.

ಹೋಮ್ಸನು ಹಿಂತಿರುಗಿದ ಮೇಲೆ ವಾಟ್ಸನ್ನನು ತನ್ನ ವೈದ್ಯವೃತ್ತಿಯನ್ನು ಮಾರಿಬಿಟ್ಟು ಆತನೊಡನೆ ವಾಸಕ್ಕೆ ಬಂದನು. ವರ್ನರ್ ಎಂಬ ತರುಣ ವೈದ್ಯನು ಚೌಕಾಶಿಯಿಲ್ಲದೆ, ಕೇಳಿದಷ್ಟು ಬೆಲೆಯನ್ನು ಕೊಟ್ಟನು. ಆ ತರುಣನು ಹೋಮ್ಸನ ದೂರದ ಬಂಧುವೆಂಬುದೂ, ಹಣವೆಲ್ಲ ಹೋಮ್ಸನದೆಂಬುದೂ ವಾಟ್ಸನ್ನನಿಗೆ ತಿಳಿದುದು ಕೆಲವು ವರ್ಷಗಳ ನಂತರ. ಅದನ್ನೂ ಆತನೇ ಬರೆದಿಟ್ಟಿದ್ದಾನೆ, ಒಂದು ದೂರಿನ ಮಾತನ್ನೂ ಸೇರಿಸದೆ.