ದಿನಚರ್ಯೆಯೂ ಆತ್ಮಬಲವೂ

ವಿದ್ಯಾರ್ಥಿಗಳಿಗೆ ಹಿತೋಪದೇಶ ಮಾಡಲು ವೇದಿಕೆಯನ್ನೇರುವ ಮಹನೀಯರಲ್ಲಿ ಅನೇಕರ ಉಪನ್ಯಾಸವು ಈಗ ಒಂದೇ ಮಾತಿನಿಂದ ಆರಂಭವಾಗುತ್ತದೆ: ಬೆಳಗಿನ ಜಾವ ನಾಲ್ಕು ಗಂಟೆಗೆ ಏಳತಕ್ಕದ್ದು. ಏಳದವನು ಸೋಮಾರಿ, ಸೋಮಾರಿಗೆ ವಿದ್ಯೆಯೆಲ್ಲಿಯದು? ಪ್ರಮಾಣವೇನೆಂದು ಕೇಳಿದರೆ ಶಾಸ್ತ್ರವೆನ್ನುತ್ತಾರೆ. ಯಾವ ಶಾಸ್ತ್ರ, ಯಾವ ಅಧ್ಯಾಯ, ಯಾರನ್ನು ಕುರಿತ ವಿಧಿ ಎಂದು ಮುಂದುವರಿದು ಕೇಳುವ ಅವಿನಯವನ್ನು ಸಭಿಕರು ತೋರುವುದಿಲ್ಲವಾದ ಕಾರಣ ಉಪದೇಶವು ಊರಿಂದೂರಿಗೆ ನಿರಾತಂಕವಾಗಿ ಸಾಗುತ್ತಿದೆ. ಎಷ್ಟೋ ವಸತಿಶಾಲೆಗಳಲ್ಲಿ ಅದು ಉಪದೇಶವಾಗಿಯೂ ಉಳಿದಿಲ್ಲ, ಘಂಟೆಯಾಗಿದೆ. ಹದಿನಾರು ವರ್ಷದ ಹುಡುಗನು ರಾತ್ರಿ ಹನ್ನೊಂದರವರೆಗೆ ಓದಿ ಮಲಗಿ, ನಾಲ್ಕಕ್ಕೆ ಎಬ್ಬಿಸಲ್ಪಟ್ಟು, ಪುಸ್ತಕದ ಮೇಲೆ ತೂಕಡಿಸಿದನೆಂದರೆ ಅದು ಅವನ ಶೀಲದ ದೋಷವೆಂದು ತಂದೆತಾಯಿಗಳಿಗೆ ವರದಿಯಾಗುತ್ತದೆ.

ಆ ಶಾಸ್ತ್ರವನ್ನೇ ತೆರೆದು ನೋಡಬಹುದು. ವಾಗ್ಭಟನ ಅಷ್ಟಾಂಗಹೃದಯದ ಸೂತ್ರಸ್ಥಾನದಲ್ಲಿ ಎರಡನೆಯ ಅಧ್ಯಾಯವು ದಿನಚರ್ಯೆಯದು. ಬ್ರಾಹ್ಮ ಮುಹೂರ್ತದಲ್ಲಿ ಏಳಬೇಕೆಂಬ ವಿಧಿ ಅಲ್ಲಿರುವುದು ನಿಜವೇ. ಆದರೆ ಆಚಾರ್ಯನು ಅದನ್ನು ವಿಧಿಸುವುದು ಸ್ವಸ್ಥನಿಗೆ, ದಣಿದವನಿಗಲ್ಲ, ನಿದ್ರೆಗೆಟ್ಟವನಿಗಲ್ಲ. ಅದೇ ಅಧ್ಯಾಯವು ಬಲಶಾಲಿಗೂ ವ್ಯಾಯಾಮವನ್ನು ಅರ್ಧಶಕ್ತಿಗೆ ಮಿತಗೊಳಿಸುತ್ತದೆ. ಏಳನೆಯ ಅಧ್ಯಾಯಕ್ಕೆ ಬಂದರೆ, ನಿದ್ರೆಯನ್ನು ಅವರವರ ಸಾತ್ಮ್ಯಕ್ಕೆ ತಕ್ಕಂತೆ ಸೇವಿಸಬೇಕೆಂದೂ, ರೂಢಿಯಿಲ್ಲದ ಜಾಗರಣೆ ಸಂಭವಿಸಿದರೆ ಎಚ್ಚರವಿದ್ದ ಕಾಲದ ಅರ್ಧದಷ್ಟನ್ನು ಬೆಳಿಗ್ಗೆ ಊಟಕ್ಕೆ ಮೊದಲೇ ಮಲಗಿ ತುಂಬಿಕೊಳ್ಳಬೇಕೆಂದೂ ಇದೆ. ಉಪನ್ಯಾಸಕರು ಎರಡನೆಯ ಅಧ್ಯಾಯದ ಮೊದಲ ಶ್ಲೋಕದಲ್ಲಿಯೇ ಗ್ರಂಥವನ್ನು ಮುಚ್ಚಿದಂತೆ ಕಾಣುತ್ತದೆ.

ಮುಹೂರ್ತದ ಲೆಕ್ಕವನ್ನಾದರೂ ಸರಿಯಾಗಿ ಮಾಡಿದ್ದಾರೆಯೇ ಎಂದರೆ ಅದೂ ಇಲ್ಲ. ಬ್ರಾಹ್ಮ ಮುಹೂರ್ತವು ಸೂರ್ಯೋದಯಕ್ಕೆ ೯೬ ನಿಮಿಷ ಮೊದಲು ತೊಡಗಿ ೪೮ ನಿಮಿಷ ಇರುವುದು. ಜನವರಿಯಲ್ಲಿ ಮೈಸೂರಿನ ಸೂರ್ಯೋದಯವು ಆರೂಮುಕ್ಕಾಲರ ಸುಮಾರಿಗೆ. ಅಂದಮೇಲೆ ಆ ತಿಂಗಳಲ್ಲಿ ನಾಲ್ಕಕ್ಕೆ ಬಾರಿಸುವ ಘಂಟೆಯು ಶಾಸ್ತ್ರದ ಹೊತ್ತಿಗಿಂತ ಒಂದು ಗಂಟೆಗೂ ಮಿಕ್ಕು ಮುಂಚಿನದು! ಶಾಸ್ತ್ರವು ಸೂರ್ಯನನ್ನು ನೋಡಿತು. ಇವರು ಗೋಡೆಯ ಗಡಿಯಾರವನ್ನು ನೋಡುತ್ತಾರೆ.

ಇನ್ನು ಕೌಟಿಲ್ಯನ ಮಾತು. ಮೈಸೂರಿನ ಪ್ರಾಚ್ಯ ಪುಸ್ತಕ ಭಂಡಾರದಲ್ಲಿದ್ದ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಅರ್ಥಶಾಸ್ತ್ರವನ್ನು ಅಚ್ಚು ಮಾಡಿಸಿದಂದಿನಿಂದ ಅದು ಎಲ್ಲರ ಕೈಗೂ ಎಟಕುವ ಗ್ರಂಥವಾಗಿದೆ. ಮೊದಲನೆಯ ಅಧಿಕರಣದ ಹತ್ತೊಂಬತ್ತನೆಯ ಅಧ್ಯಾಯದಲ್ಲಿ ರಾಜನ ಹಗಲನ್ನು ಎಂಟು, ಇರುಳನ್ನು ಎಂಟು ಭಾಗಗಳಾಗಿ ನಾಳಿಕೆಗಳಿಂದ ಅಳೆದು ಹಂಚಿದೆ. ಹಗಲಿನ ಮೊದಲ ಭಾಗದಲ್ಲಿ ರಕ್ಷಣೆ ಮತ್ತು ಆಯವ್ಯಯ, ಎರಡನೆಯದರಲ್ಲಿ ಪೌರಜಾನಪದರ ಅಹವಾಲು, ಮೂರನೆಯದರಲ್ಲಿ ಸ್ನಾನ, ಭೋಜನ, ಸ್ವಾಧ್ಯಾಯ, ಹೀಗೆಯೇ ಮುಂದೆ. ನಿದ್ರೆಗೆಂದೇ ಇಟ್ಟದ್ದು ಇರುಳಿನ ಎರಡು ಭಾಗ, ಸುಮಾರು ಮೂರು ಗಂಟೆ. ಇದಕ್ಕಿಂತ ಕಠಿನವಾದ ವೇಳಾಪಟ್ಟಿಯನ್ನು ಯಾವ ವಸತಿಶಾಲೆಯೂ ರಚಿಸಿರಲಾರದು. ಆದರೆ ಪಟ್ಟಿ ಮುಗಿದೊಡನೆಯೇ ಆ ಕಠೋರ ಮಂತ್ರಿಯು ಒಂದು ವಿಕಲ್ಪವನ್ನು ಇಡುತ್ತಾನೆ: ರಾಜನು ತನ್ನ ಬಲಕ್ಕೆ ಅನುಕೂಲವಾಗುವಂತೆ ಹಗಲಿರುಳುಗಳನ್ನು ವಿಭಾಗಿಸಿಕೊಂಡು ಕಾರ್ಯ ಮಾಡಬಹುದು. ಸಾಮ್ರಾಜ್ಯವನ್ನೇ ಹೊತ್ತವನಿಗೆ ದೊರೆತ ಈ ರಿಯಾಯಿತಿಯು ಬೀಜಗಣಿತವನ್ನು ಹೊತ್ತ ಬಾಲಕನಿಗೆ ದೊರೆಯದು.

ಹೀಗೆ ಬಿಟ್ಟರೆ ಸೋಮಾರಿತನಕ್ಕೆ ಪರವಾನಗಿ ಕೊಟ್ಟಂತಾಗದೇ ಎಂದು ಪೂರ್ವಪಕ್ಷವೇಳುವುದು ಸಹಜ. ರಾಜನು ಉದ್ಯೋಗಶೀಲನಾದರೆ ಭೃತ್ಯರೂ ಹಾಗೆಯೇ ಆಗುವರು, ಪ್ರಮಾದಿಯಾದರೆ ಅವರೂ ಪ್ರಮಾದಿಗಳಾಗುವರೆಂದು ಆರಂಭವಾಗುವುದು ಅದೇ ಅಧ್ಯಾಯವೇ. ಕೌಟಿಲ್ಯನು ಬದಲಿಸಲು ಬಿಟ್ಟದ್ದು ಕಾರ್ಯದ ಹೊತ್ತನ್ನು, ಕಾರ್ಯದ ಮೊತ್ತವನ್ನಲ್ಲ. ಈ ಭೇದವನ್ನು ಗ್ರಹಿಸದವರೊಡನೆ ವಾದ ಬೆಳೆಸಿ ಫಲವಿಲ್ಲ.

ದೇಹದೊಳಗೆ ಅದರದೇ ಆದ ಕಾಲಮಾನವುಂಟೆಂಬುದು ಕವಿಕಲ್ಪನೆಯಲ್ಲ. ೧೭೨೯ರಲ್ಲಿ ಫ್ರಾನ್ಸಿನ ದ ಮೇರಾನ್ ಎಂಬ ವಿದ್ವಾಂಸನು ಮುಟ್ಟಿದರೆ ಮುನಿಯ ಜಾತಿಯ ಗಿಡವೊಂದನ್ನು ಕತ್ತಲಲ್ಲಿಟ್ಟನು; ಬಿಸಿಲು ಕಾಣದಿದ್ದರೂ ಅದು ಹಗಲಿಗೆ ಎಲೆ ಬಿಚ್ಚಿತು, ಇರುಳಿಗೆ ಮುಚ್ಚಿತು. ಇಂಥ ಗಡಿಯಾರವು ಜೀವಕೋಶದಲ್ಲಿ ನಡೆಯುವ ಬಗೆಯನ್ನು ಹಣ್ಣುನೊಣದಲ್ಲಿ ಕಂಡುಹಿಡಿದ ಹಾಲ್, ರಾಸ್‌ಬಾಶ್, ಯಂಗ್ ಎಂಬ ಮೂವರಿಗೆ ೨೦೧೭ರಲ್ಲಿ ನೊಬೆಲ್ ಪಾರಿತೋಷಕವು ಬಂದಿತು. ತಾರುಣ್ಯ ಕಾಲಿಟ್ಟಾಗ ಈ ಗಡಿಯಾರವೇ ಹಿಂದೆ ಸರಿಯುತ್ತದೆ. ರಾತ್ರಿ ನಿದ್ರೆ ತಡವಾಗಿ ಬರುತ್ತದೆ, ಬೆಳಿಗ್ಗೆ ತಡವಾಗಿ ಬಿಡುತ್ತದೆ. ಅಮೆರಿಕದ ಸಿಯಾಟಲ್ ನಗರದವರು ೨೦೧೬ರಲ್ಲಿ ಪ್ರೌಢಶಾಲೆಗಳ ಆರಂಭವನ್ನು ೭-೫೦ರಿಂದ ೮-೪೫ಕ್ಕೆ ಮುಂದೂಡಿದರು. ಮಕ್ಕಳು ಅಷ್ಟೇ ತಡವಾಗಿ ಮಲಗಿ ಲಾಭವನ್ನು ಕಳೆದುಕೊಳ್ಳುವರೆಂದು ಶಂಕಿಸಬಹುದಾಗಿತ್ತು. ಹಾಗಾಗಲಿಲ್ಲ, ಕೈಗೆ ಯಂತ್ರ ಕಟ್ಟಿ ಅಳೆದಾಗ ನಿದ್ರೆಯು ೩೪ ನಿಮಿಷ ಹೆಚ್ಚಿದ್ದಿತು.

ಮುಂಜಾನೆಯೇ ಚುರುಕಾಗಿರುವವರು ಇಲ್ಲವೆಂದಲ್ಲ. ಅವರು ಏಳಲಿ, ಓದಲಿ. ಆದರೆ ತಮ್ಮ ದೇಹದ ಭಾಗ್ಯವನ್ನು ತಪಸ್ಸೆಂದು ಭಾವಿಸಿ ಪರರನ್ನು ಹಳಿಯಬಾರದು. ಬೆಳಕು ಹರಿಯುವ ಮುನ್ನವೇ ಪೊರಕೆ ಹಿಡಿಯುವ ಪೌರಕಾರ್ಮಿಕ ಸ್ತ್ರೀಯು ನಿತ್ಯವೂ ಬ್ರಾಹ್ಮ ಮುಹೂರ್ತದಲ್ಲಿ ಎದ್ದಿರುತ್ತಾಳೆ. ಆಕೆಯ ಸಾಧನೆಯನ್ನು ಯಾವ ಉಪನ್ಯಾಸಕರೂ ಹೊಗಳಿದ್ದು ಕೇಳಿಬಂದಿಲ್ಲ.

ವಸತಿಶಾಲೆಗಳ ಮೇಲ್ವಿಚಾರಕರು ಮಾಡಬಹುದಾದುದು ಕಷ್ಟದ್ದೇನಲ್ಲ. ನಾಲ್ಕರ ಘಂಟೆಯನ್ನು ಎಲ್ಲರಿಗೂ ಬಾರಿಸುವುದನ್ನು ಬಿಟ್ಟು, ದೀಪವಾರುವ ವೇಳೆಯಿಂದ ಎಂಟು ಗಂಟೆಗಳ ನಿದ್ರೆಯನ್ನು ಲೆಕ್ಕಹಾಕಿ ಏಳುವ ಹೊತ್ತನ್ನು ಗೊತ್ತುಮಾಡಲಿ; ಊಟವಾದ ಮೇಲಣ ಮಂಪರಿನ ಗಂಟೆಯನ್ನು ಗಣಿತಕ್ಕಿಡದೆ ಚಿತ್ರಕ್ಕೋ ಕೈಕೆಲಸಕ್ಕೋ ಕೊಡಲಿ; ಕಠಿನ ಪಾಠವನ್ನು ಯಾವ ಹೊತ್ತಿನಲ್ಲಿ ಓದಿದರೆ ತಲೆಗೆ ಹತ್ತುವುದೆಂಬುದನ್ನು ಹುಡುಗರನ್ನೇ ಒಂದು ಪಕ್ಷ ಬರೆದಿಡಹೇಳಿ, ಅದನ್ನು ನೋಡಿಯೇ ಮುಂದಿನ ವರ್ಷದ ಪಟ್ಟಿಯನ್ನು ಗೋಡೆಗೆ ಅಂಟಿಸಲಿ.