ನ್ಯಾಚುರಲ್ ಅಂತೀರಲ್ಲ, ರುಬ್ಬೋರ್ಯಾರು?

ನಮ್ಮ ಬಸವೇಶ್ವರನಗರದ ಕಡೆ ಈಗ ಯಾರ ಮನೆಗೆ ಹೋದ್ರೂ ಒಂದೇ ಮಾತು. ನಾವೆಲ್ಲಾ ನ್ಯಾಚುರಲ್‌ಗೆ ಬಂದ್ಬಿಟ್ವಿ ಕಣ್ರೀ ಅಂತಾರೆ. ಪ್ಯಾಕೆಟ್ ಎಣ್ಣೆ ಬಿಟ್ಟು ಗಾಣದ ಎಣ್ಣೆ, ಸಕ್ಕರೆ ಬಿಟ್ಟು ಬೆಲ್ಲ, ಅಕ್ಕಿ ಬಿಟ್ಟು ನವಣೆ ಸಾಮೆ, ಕುಕ್ಕರ್ ಬಿಟ್ಟು ಮಣ್ಣಿನ ಮಡಕೆ. ಇದನ್ನ ಹೇಳೋರು ಸೋಫಾ ಮೇಲೆ ಕೂತ ಯಜಮಾನ್ರು. ಅಡುಗೆಮನೆಯಿಂದ ಕಾಫಿ ತಟ್ಟೆ ಹಿಡ್ಕೊಂಡು ಬರ್ತಾರಲ್ಲ, ಅವರ ಮುಖ ನೋಡಿದ್ರೆ ಬೇರೆ ಕತೆ ಇರುತ್ತೆ.

ನಾನೇನು ಇದಕ್ಕೆಲ್ಲ ವಿರೋಧಿ ಅಲ್ಲ. ನಮ್ಮತ್ತೆ ಇರೋವರೆಗೂ ನಮ್ಮನೆಗೆ ಸಾರಿನ ಪುಡಿ ಅಂಗಡಿಯಿಂದ ಬಂದಿದ್ದೇ ಇಲ್ಲ. ಕೆಮ್ಮು ಬಂದ್ರೆ ಮೊದಲು ಶುಂಠಿ ಕಷಾಯ, ಆಮೇಲೆ ಡಾಕ್ಟ್ರು. ದೊಡ್ಡಪತ್ರೆ ಕುಂಡ ಈಗಲೂ ಟೆರೇಸ್ ಮೇಲಿದೆ. ನನ್ನ ತಕರಾರು ಇಷ್ಟೇ. ನ್ಯಾಚುರಲ್ ಆಗೋಕೆ ದುಡ್ಡಿಗಿಂತ ಜಾಸ್ತಿ ಹೊತ್ತು ಬೇಕು. ಆ ಹೊತ್ತು ಯಾರದ್ದು ಅಂತ ಯಾರೂ ಕೇಳಲ್ಲ.

ನವಣೆ ಅನ್ನ ಆಗ್ಬೇಕಂದ್ರೆ ರಾತ್ರಿನೇ ನೆನಪಿಟ್ಟು ನೆನೆಹಾಕ್ಬೇಕು. ವಿಜಯನಗರ ಮಾರ್ಕೆಟ್ಟಿಂದ ಎರಡು ಕಟ್ಟು ದಂಟಿನ ಸೊಪ್ಪು ತಂದ್ರೆ ಬಿಡಿಸಿ, ಮೂರು ನೀರಲ್ಲಿ ಮಣ್ಣು ಹೋಗೋ ಹಾಗೆ ತೊಳೆದು ಹೆಚ್ಚೋಕೆ ಅರ್ಧ ಗಂಟೆ. ಮಣ್ಣಿನ ಮಡಕೆಗೆ ಸೋಪು ಹಾಕೋ ಹಾಗಿಲ್ಲ, ಸೋಪಿನ ವಾಸನೆ ಹೀರ್ಕೊಂಡ್ಬಿಡುತ್ತೆ. ಕಡಲೆಹಿಟ್ಟು ಹಾಕಿ ಉಜ್ಜಬೇಕು, ಬಿಸಿಲಿಗಿಡಬೇಕು, ಕೈ ಜಾರಿದ್ರೆ ಮುಗೀತು. ಪಾತ್ರೆ ತೊಳೆಯೋಕೆ ಬರೋ ಹುಡುಗಿ ಮೊದಲನೇ ದಿನಾನೇ ಹೇಳಿದ್ಳು, ಆಂಟಿ ಇದನ್ನ ಮಾತ್ರ ನೀವೇ ತೊಳ್ಕೊಳಿ ಅಂತ. 2023ನ್ನ ವಿಶ್ವಸಂಸ್ಥೆಯವರು ಸಿರಿಧಾನ್ಯಗಳ ವರ್ಷ ಅಂತ ಘೋಷಿಸಿದ್ರಲ್ಲ, ಆ ವರ್ಷ ಪೂರ್ತಿ ನಮ್ಮನೇಲಿ ಊದಲು, ಹಾರಕ, ಕೊರಲೆ ಅಂತ ಡಬ್ಬಿ ಮೇಲೆ ಡಬ್ಬಿ ಬಂತು. ತಂದಿಟ್ಟು ಕೈ ತೊಳ್ಕೊಂಡ್ರು ನಮ್ಮನೆಯವರು.

ಕೇಂದ್ರ ಸರ್ಕಾರ 2019ರಲ್ಲಿ ಯಾರ್ಯಾರು ದಿನಾ ಎಷ್ಟು ಹೊತ್ತು ಏನು ಮಾಡ್ತಾರೆ ಅಂತ ದೇಶದ ತುಂಬ ಒಂದು ಸಮೀಕ್ಷೆ ಮಾಡಿಸ್ತು. ಸಂಬಳ ಇಲ್ಲದ ಮನೆಗೆಲಸ ಮಾಡೋ ಹೆಂಗಸರು ಆಗ ಅದಕ್ಕೆ ದಿನಕ್ಕೆ 299 ನಿಮಿಷ ಕೊಡ್ತಿದ್ರು. ಗಂಡಸರಲ್ಲಿ ಮಾಡೋರೇ ಕಮ್ಮಿ, ಮಾಡೋರು ಕೊಡ್ತಿದ್ದುದೂ 97 ನಿಮಿಷ. ಐದು ಗಂಟೆ ಎಲ್ಲಿ, ಒಂದೂವರೆ ಗಂಟೆ ಎಲ್ಲಿ! ಮಕ್ಕಳು, ವಯಸ್ಸಾದವರನ್ನ ನೋಡ್ಕೊಳ್ಳೋದು ಇದರಲ್ಲಿ ಸೇರಿಲ್ಲ, ಅದು ಬೇರೆ ಲೆಕ್ಕ. ಈ 299ರ ಮೇಲೆ ಒರಳು, ಮಡಕೆ, ಕಷಾಯ ಎಲ್ಲಾ ಹೇರಿದ್ರೆ ಎಷ್ಟಾಗುತ್ತೆ ನೀವೇ ಕೂಡಿಸಿ ನೋಡಿ.

ಇದೆಲ್ಲ ನನಗೆ ಸರಿಯಾಗಿ ಅರ್ಥ ಆಗಿದ್ದು ಹೋದ ಏಪ್ರಿಲ್‌ನಲ್ಲಿ. ಬಿಸಿಲು ತಡೀಲಾರದೆ ಮಗ, ಸೊಸೆ, ನಾದಿನಿ, ನಾವಿಬ್ಬರು ಯಶವಂತಪುರದಲ್ಲಿ ರೈಲು ಹತ್ತಿ, ಬೀರೂರಲ್ಲಿ ಇಳಿದು, ಜೀಪ್ ಮಾಡ್ಕೊಂಡು ಕೆಮ್ಮಣ್ಣುಗುಂಡಿ ಕಡೆ ಹೋದ್ವಿ. ಕಾಫಿ ತೋಟದೊಳಗೆ ಮರದ ಹಲಗೆ ಹೊಡೆದು ಮಾಡಿದ ಎರಡು ಪುಟ್ಟ ಮನೆ, ನಾಲ್ಕು ದಿನ. ಕೆಮ್ಮಣ್ಣುಗುಂಡಿ 1,434 ಮೀಟರ್ ಎತ್ತರ, ಅಂದ್ರೆ ನಮ್ಮ ಬೆಂಗಳೂರಿಗಿಂತ ಇನ್ನೂ 500 ಮೀಟರ್ ಮೇಲೆ. ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಿಗೆ ಕಳೆಯೋಕೆ ಬರ್ತಿದ್ದ ಜಾಗ, ಅದಕ್ಕೇ ಅವರ ಹೆಸರಿನ ಗಿರಿಧಾಮ ಅಂತಾನೂ ಕರೀತಾರೆ. ಹೆಸರಲ್ಲೇ ಇದೆಯಲ್ಲ ಕೆಮ್ಮಣ್ಣು, ಹಿಂದೆ ಭದ್ರಾವತಿ ಕಾರ್ಖಾನೆಗೆ ಕಬ್ಬಿಣದ ಅದಿರು ಹೋಗ್ತಿದ್ದುದು ಇಲ್ಲಿಂದಲೇ. ಹೂಮಳೆ ಬಿದ್ದು ಕಾಫಿ ಹೂ ಬಿಟ್ಟಿತ್ತು. ಮಲ್ಲಿಗೆ ಅಂತ ಮೂಸಿ ನೋಡಿದ್ರೆ ಅದಕ್ಕಿಂತ ಒಂಚೂರು ತೆಳು ವಾಸನೆ.

ಊಟ ಮಾತ್ರ ಹೇಳ್ಲೇಬೇಕು. ಬೆಳಿಗ್ಗೆ ಅಕ್ಕಿರೊಟ್ಟಿ, ಮಧ್ಯಾಹ್ನ ಹಲಸಿನಕಾಯಿ ಪಲ್ಯ, ಒಂದೆಲಗದ ತಂಬುಳಿ, ಕೆಂಪಕ್ಕಿ ಅನ್ನ, ಮಿಡಿ ಉಪ್ಪಿನಕಾಯಿ. ಮಗ ಪ್ರತಿ ತುತ್ತಿಗೂ ಫೋಟೋ ತೆಗೆದು, ಅಮ್ಮಾ ಎಷ್ಟು ನ್ಯಾಚುರಲ್ ಅಲ್ವಾ ಅಂತಿದ್ದ. ಅವನ ಅಜ್ಜಿ ವಾರಕ್ಕೆರಡು ಸಲ ದೊಡ್ಡಪತ್ರೆ ತಂಬುಳಿ ಮಾಡಿದಾಗ ಮೂಗು ಮುರೀತಿದ್ದವನು ಇವನೇ. ತಂಬುಳಿ ಮಾಡೋದೇನು ಮಹಾ ಅಲ್ಲ. ಎಲೇನ ಒಂದು ಚಮಚ ತುಪ್ಪದಲ್ಲಿ ಜೀರಿಗೆ, ನಾಲ್ಕು ಮೆಣಸಿನಕಾಳು ಜೊತೆ ಬಾಡಿಸಿ, ಕಾಯಿತುರಿ ಹಾಕಿ ರುಬ್ಬಿ, ಮಜ್ಜಿಗೆಗೆ ಸೇರಿಸಿ ಒಗ್ಗರಣೆ ಕೊಟ್ರೆ ಆಯ್ತು. ಬೇಸಿಗೆಗೆ ಇದಕ್ಕಿಂತ ಒಳ್ಳೇದು ಇನ್ನೊಂದಿಲ್ಲ ಅನ್ನೋದು ನನ್ನ ಅಭಿಪ್ರಾಯ.

ಆ ನಾಲ್ಕು ದಿನ ನಾನು ಒಲೆ ಹತ್ತಿರ ಹೋಗ್ಲಿಲ್ಲ. ಮೊದಲನೇ ಬೆಳಿಗ್ಗೆ ಐದಕ್ಕೇ ಎಚ್ಚರ ಆಗಿ, ಏನು ನೆನೆಹಾಕಿಲ್ಲ ಅಂತ ಗಾಬರಿ ಆಯ್ತು. ಆಮೇಲೆ ನೆನಪಾಗಿ ಮತ್ತೆ ಮಲಗಿದೆ. ದಿನಾ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ನಡೆದೆ, ಕೋಲು ಹಿಡ್ಕೊಂಡು. ಎರಡು ದಿನ ಮಂಡಿ ಹಿಡೀತು, ಮೂರನೇ ದಿನಕ್ಕೆ ಬಿಡ್ತು. ಹಳ್ಳೆಣ್ಣೆ ಹಚ್ಚಿದ್ದಕ್ಕೆ ಅಂತ ನಮ್ಮನೆಯವರು. ಹಳ್ಳೆಣ್ಣೆ ಇಲ್ಲೂ ಹಚ್ಚುತ್ತಲೇ ಇದ್ದೆನಲ್ಲ! ಗಟ್ಟಿ ನೆಲದ ಮೇಲೆ ಒಂದೇ ಕಡೆ ಗಂಟೆಗಟ್ಟಲೆ ನಿಂತುಕೊಳ್ಳೋದು ತಪ್ಪಿತ್ತು, ನಿದ್ದೆ ಬಂದಿತ್ತು. ತುಮಕೂರು ರಸ್ತೆಯ ಜಿಂದಾಲ್ ಪ್ರಕೃತಿ ಚಿಕಿತ್ಸಾಲಯಕ್ಕೋ ಧರ್ಮಸ್ಥಳದವರ ಶಾಂತಿವನಕ್ಕೋ ಹೋಗಿ ಬಂದೋರು ಹಗುರಾಗಿ ಬರ್ತಾರಲ್ಲ, ಅಲ್ಲೂ ಹೆಂಗಸರಿಗೆ ಅರ್ಧ ಗುಣ ಇದರಿಂದಲೇ ಆಗುತ್ತೆ ಅಂತ ನನ್ನ ಅನುಮಾನ. ಯಾರೋ ಮಾಡಿದ ಮಿತವಾದ ಊಟ, ನಡಿಗೆ, ಮಲಗೋಕೆ ಹೊತ್ತು.

ನನಗೆ ಸಿಕ್ಕ ಆ ಹೊತ್ತೂ ಪುಕ್ಕಟೆ ಬಂದಿದ್ದಲ್ಲ. ಆ ತೋಟದ ಮನೆಯಾಕೆ, ಎಲ್ಲರೂ ಅಕ್ಕ ಅಂತಿದ್ರು, ನಾಲ್ಕೂವರೆಗೇ ಎದ್ದು ಕೆಂಡದ ಮೇಲೆ ರೊಟ್ಟಿ ತಟ್ಟೋರು. ಜೊತೆಗೆ ಇಬ್ಬರು ಹೆಂಗಸರು ಕೂಲಿಗೆ. ನಾನು ಒಂದಿನ ಪಕ್ಕದಲ್ಲಿ ಕೂತು ಮಾತಾಡಿಸಿದಾಗ ಅಂದ್ರು, ನಮ್ಮನೇಲೂ ಮುಂಚೆ ಇದೇ ಅಡುಗೆ, ಆವಾಗ ಯಾರೂ ರುಚಿ ಅನ್ಲಿಲ್ಲ, ಈಗ ದುಡ್ಡು ಕೊಟ್ಟೋರು ಅಂತಾರೆ ಅಂತ.

ಮೂರನೇ ದಿನ ಬೆಳಿಗ್ಗೆ ಝಡ್ ಪಾಯಿಂಟ್‌ಗೆ ಹೊರಟ್ವಿ. ರಾಜಭವನದ ಹತ್ತಿರದಿಂದ ಸುಮಾರು ಮೂರು ಕಿಲೋಮೀಟರ್ ಕಾಲುದಾರಿ, ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಹುಲ್ಲಿನ ಇಳಿಜಾರು. ಮಧ್ಯೆ ಶಾಂತಿ ಜಲಪಾತ, ಬೇಸಿಗೆಯಾದ್ದರಿಂದ ಸಣ್ಣಗೆ ಸುರೀತಿತ್ತು. ಅದು ದಾಟಿ ಸ್ವಲ್ಪ ದೂರ ಹೋಗಿರ್ಬೇಕು, ನನ್ನ ನಾದಿನಿ ಕೂತುಬಿಟ್ಟಳು. ಕೈ ನಡುಗ್ತಿದೆ, ಆ ತಂಪಲ್ಲೂ ಬೆವರು, ಮಾತು ತೊದಲು. ಅವಳಿಗೆ ಸಕ್ಕರೆ ಕಾಯಿಲೆ ಇದೆ. ದೇಹ ಶುದ್ಧಿಗೆ ಬೆಳಿಗ್ಗೆ ಬರೀ ಕಷಾಯ ಕುಡಿದು ಬೆಟ್ಟ ಹತ್ತು ಅಂತ ಅವಳಿಗೆ ಯಾರೋ ಪರಿಚಯದವರು ಹೇಳಿದ್ರಂತೆ. ಮಾತ್ರೆ ತಗೊಂಡಿದ್ದಾಳೆ, ತಿಂಡಿ ತಿಂದಿಲ್ಲ. ನನ್ನ ಚೀಲದಲ್ಲಿ ಬೆಲ್ಲದ ಉಂಡೆ ಇತ್ತು, ಪುಡಿ ಮಾಡಿ ನೀರಲ್ಲಿ ಕದಡಿ ಕುಡಿಸಿದೆ. ಹತ್ತು ಹದಿನೈದು ನಿಮಿಷಕ್ಕೆ ಸರಿಯಾಗಿ ಮಾತಾಡಿದಳು. ಆಮೇಲೆ ಬಿಸ್ಕತ್ತು, ಬಾಳೆಹಣ್ಣು ತಿನ್ನಿಸಿ, ನಾನು ಅವಳು ಅಲ್ಲಿಂದಲೇ ವಾಪಸ್. ಕೆಲವು ಸಕ್ಕರೆ ಮಾತ್ರೆ ಹಾಗೇ, ಹೊಟ್ಟೆಗೆ ಏನೂ ಬೀಳದಿದ್ರೂ ತನ್ನ ಕೆಲಸ ತಾನು ಮಾಡುತ್ತೆ, ನಡಿಗೆ ಬೇರೆ ಸೇರಿದ್ರೆ ಸಕ್ಕರೆ ಕುಸಿಯುತ್ತೆ. ಅಂಥವರು ನಡೆಯೋಕೆ ಹೋಗುವಾಗ ಚೀಲದಲ್ಲಿ ಸಿಹಿ ಇಟ್ಕೊಳಿ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನೂ ಹಾಕ್ಬೇಡಿ, ಉಸಿರಿಗೆ ಸಿಕ್ಕುತ್ತೆ, ಆಸ್ಪತ್ರೆಗೇ ಓಡ್ಬೇಕು.

ಗಿಡದಿಂದ ಬಂದಿದ್ದೆಲ್ಲ ಸಾಧು ಅಂತ ಯಾರು ಹೇಳಿದ್ರೋ ಗೊತ್ತಿಲ್ಲ. ಸೋರೆಕಾಯಿ ಜ್ಯೂಸ್ ಕಹಿ ಇದ್ರೆ ಕುಡೀಬೇಡಿ ಅಂತ ಐಸಿಎಂಆರ್‌ನವರೇ ಹಿಂದೆ ಎಚ್ಚರಿಸಿದ್ರು. ಪಲ್ಯಕ್ಕೆ ಹೆಚ್ಚುವಾಗ ಒಂದು ಚೂರು ನಾಲಿಗೆಗೆ ಹಚ್ಚಿ ನೋಡೋದು ನಮ್ಮತ್ತೆಗೂ ಗೊತ್ತಿತ್ತು. 2021ರಲ್ಲಿ ಮುಂಬೈ ಡಾಕ್ಟ್ರುಗಳು ಅಮೃತಬಳ್ಳಿ ಕುಡಿದ ಕೆಲವರಿಗೆ ಲಿವರ್ ತೊಂದರೆ ಆಗಿದೆ ಅಂತ ಬರೆದ್ರು. ಆಯುಷ್ ಸಚಿವಾಲಯ ಒಪ್ಪಲಿಲ್ಲ. ಅವರ ಜಗಳ ಅವರಿಗಿರ್ಲಿ, ದಿನಾ ಒಂದು ಲೋಟ ಕುಡಿಯೋ ಮುಂಚೆ ನಮ್ಮ ಡಾಕ್ಟ್ರನ್ನ ಒಂದು ಮಾತು ಕೇಳೋದ್ರಲ್ಲಿ ಏನು ಕಷ್ಟ? ಇನ್ನು ಆ ಗುಲಾಬಿ ಉಪ್ಪು. ಪ್ಯಾಕೆಟ್ ಮೇಲೆ ಅಯೋಡಿನ್ ಸೇರಿಸಿದೆ ಅಂತ ಇಲ್ಲದಿದ್ರೆ ನಮ್ಮನೆಗೆ ಬರಲ್ಲ.

ಊರಿಗೆ ಬಂದ ಮೇಲೆ ಒಂದು ಸಂಜೆ ಎಲ್ಲರನ್ನೂ ಕೂರಿಸಿಕೊಂಡು ಹೇಳ್ಬಿಟ್ಟೆ. ಸೊಪ್ಪು, ರಾಗಿ, ಮಜ್ಜಿಗೆ, ನಡಿಗೆ, ಇದಿಷ್ಟು ಇರ್ಲಿ. ಉಳಿದಿದ್ದು ಯಾರಿಗೆ ಬೇಕೋ ಅವರು ಮಾಡ್ಕೊಳಿ. ವಾರಕ್ಕೆ 150 ನಿಮಿಷ ಚುರುಕಾಗಿ ನಡೀಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ, ಅದು ಗೃಹಿಣಿಗೂ ಸೇರಿ ಹೇಳಿರೋದು. ಬೆಳಿಗ್ಗೆ ಆರರಿಂದ ಆರೂಮುಕ್ಕಾಲು ನಾನು ಮನೇಲಿರಲ್ಲ, ಕಾಫಿ ಡಿಕಾಕ್ಷನ್ ಯಾರಾದ್ರೂ ಹಾಕ್ಕೊಳಿ. ಮೊದಲು ಮಗ ನಕ್ಕ. ಸೊಸೆ ನಗಲಿಲ್ಲ. ಆಫೀಸಿಂದ ಬಂದು ಅದೇ ಒಲೆ ಮುಂದೆ ನಿಲ್ಲೋಳು ಅವಳು, ಈಗ ಶನಿವಾರ ಅವಳೂ ನನ್ನ ಜೊತೆ ಪಾರ್ಕಿಗೆ ಬರ್ತಾಳೆ.

ಭಾನುವಾರದ ಸೊಪ್ಪು ನಮ್ಮನೆಯವರ ಪಾಲಿಗೆ ಬಂದಿದೆ. ಪೇಪರ್ ಹಾಸ್ಕೊಂಡು ಮೆಂತ್ಯ ಬಿಡಿಸ್ತಾರೆ. ಮೊದಲ ವಾರ ಬೇರೂ ಸೇರಿಸಿ ಹಾಕಿದ್ರು, ಈಗ ಪರವಾಗಿಲ್ಲ. ಕೊರಲೆ ಡಬ್ಬಿ ಮುಟ್ಟೋರೇ ಇಲ್ಲ. ಮಡಕೆ ಅಟ್ಟದ ಮೇಲಿದೆ. ಯಾವಾಗ ಇಳಿಸ್ತೀಯ ಅಂತ ಕೇಳಿದ್ರು, ತೊಳೆಯೋರು ಯಾರು ಅಂತ ತೀರ್ಮಾನ ಆದ ದಿನ ಅಂದಿದೀನಿ.