ಚೌಕುಳಿ ಕಾಗದದ ಮೇಲೆ ಪಟ್ಟದಕಲ್ಲು

ಪ್ರೌಢಶಾಲೆಯ ವಿದ್ಯಾರ್ಥಿನಿಯೊಬ್ಬಳು ಪ್ರಾಚೀನ ಇತಿಹಾಸದ ಪಾಠಕ್ಕಾಗಿ ಪಟ್ಟದಕಲ್ಲನ್ನು ಕುರಿತು ಸಿದ್ಧಪಡಿಸಿದ ಬರಹವೊಂದು ಈಚೆಗೆ ನನ್ನ ಕೈಸೇರಿತು. ಅದರಲ್ಲಿ ಚಾಳುಕ್ಯರ ವಂಶಾವಳಿಯೂ ಯುದ್ಧಗಳ ವಿವರವೂ ವಾಡಿಕೆಯಂತೆ ಇದ್ದರೂ, ನನ್ನ ಮನಸ್ಸನ್ನು ಸೆರೆಹಿಡಿದುದು ಚೌಕುಳಿ ಕಾಗದದ ಮೇಲೆ ಆಕೆ ಸೀಸದ ಕಡ್ಡಿಯಿಂದ ಬರೆದಿದ್ದ ಎರಡು ಶಿಖರಗಳು. ಒಂದು, ಬುಡದಿಂದ ನೆಟ್ಟನೆ ಎದ್ದು ಮೇಲೇರಿದಂತೆಲ್ಲ ಒಳಬಾಗಿ ಆಮಲಕವೆಂಬ ನೆತ್ತಿಗಲ್ಲನ್ನು ಮುಟ್ಟುವ ಗಳಗನಾಥ ದೇಗುಲದ ರೇಖಾನಾಗರ ಶಿಖರ. ಇನ್ನೊಂದು, ತಲದ ಮೇಲೆ ತಲವಾಗಿ ಹಂತಹಂತಕ್ಕೂ ಕಿರಿದಾಗುತ್ತ ಏರುವ ವಿರೂಪಾಕ್ಷನ ದ್ರಾವಿಡ ವಿಮಾನ. ಉತ್ತರ ದಕ್ಷಿಣಗಳ ಈ ಎರಡು ಪದ್ಧತಿಗಳು ಮಲಪ್ರಭೆಯ ದಡದ ಒಂದೇ ಆವರಣದಲ್ಲಿ, ಒಂದೇ ಬಗೆಯ ಮರಳುಗಲ್ಲಿನಲ್ಲಿ ಮೈದಳೆದಿರುವುದನ್ನು ನೂರು ಸಲ ಓದಿ ಉರುಹಚ್ಚುವುದಕ್ಕಿಂತ ಒಮ್ಮೆ ಕೈಯಾರೆ ಗೀಚಿ ತಿಳಿಯುವುದು ಮೇಲೆಂದು ನಾನು ದೃಢವಾಗಿ ನಂಬಿದ್ದೇನೆ, ಏಕೆಂದರೆ ರೇಖೆಯನ್ನೆಳೆಯುವ ಕೈ ಸ್ಥಪತಿಯ ಆಲೋಚನೆಯ ಜಾಡನ್ನೇ ಹಿಡಿದು ನಡೆಯಬೇಕಾಗುತ್ತದೆ. ಇಮ್ಮಡಿ ವಿಕ್ರಮಾದಿತ್ಯನ ಕಂಚಿಯ ವಿಜಯದ ಸ್ಮರಣಾರ್ಥವಾಗಿ ರಾಣಿ ಲೋಕಮಹಾದೇವಿಯು ವಿರೂಪಾಕ್ಷಾಲಯವನ್ನು ಕಟ್ಟಿಸಿದಳೆಂಬುದನ್ನು ಎಲ್ಲ ಮಕ್ಕಳೂ ಬರೆಯುತ್ತಾರೆ. ಈ ಬಾಲೆಯಾದರೋ, ಅದನ್ನು ನಿರ್ಮಿಸಿದ ಗುಂಡನೆಂಬ ಶಿಲ್ಪಿಗೆ ತ್ರಿಭುವನಾಚಾರಿಯೆಂಬ ಬಿರುದು ಸಂದುದನ್ನು ಅಲ್ಲಿನ ಶಾಸನದಿಂದ ಅರಿತು, ಅವನ ಹೆಸರನ್ನು ರಾಜರಾಣಿಯರ ಹೆಸರುಗಳ ಸಾಲಿನಲ್ಲಿಯೇ ದಪ್ಪಕ್ಷರಗಳಲ್ಲಿ ಬರೆದಿದ್ದಳು. ನಮ್ಮ ಪರೀಕ್ಷೆಗಳಲ್ಲಿ ಅಪರೂಪಕ್ಕೂ ಕೇಳದ ಆ ಹೆಸರಿಗೆ ಉಪಾಧ್ಯಾಯರು ಪೂರ್ಣಾಂಕವನ್ನಿತ್ತುದನ್ನು ಕಂಡು ನನಗಾದ ಸಂತೋಷ ಅಷ್ಟಿಷ್ಟಲ್ಲ.